ಅಂಡರ್‌ಸೈಜ್ ಆದ ಸಿನಿಮಾ

ಶನಿವಾರ ರಾತ್ರಿ ಒಂಬತ್ತೂವರೆ. ಅಪ್ಪ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು. ಫೈಲ್ ಓಪನ್ ಮಾಡಿದೆ. ಸದ್ದು ಬಂತು, ಚಿತ್ರ ಬರಲಿಲ್ಲ. ಪೂರ್ತಿ ಕಪ್ಪು ಪರದೆ, ಅದರ ಹಿಂದೆ ಯಾರೋ ಮಾತಾಡುತ್ತಿದ್ದಾರೆ.

"ಏನ್ ಪುಟ್ಟಿ, ರೇಡಿಯೋ ನಾಟಕನಾ?" ಅಂದರು ಅಪ್ಪ.

ನಾವು ನೋಡಲು ಹೊರಟಿದ್ದು ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ'. 1977ರ ಸಿನಿಮಾ, ಅನಂತಮೂರ್ತಿಯವರ ಕಥೆ, ಸ್ವರ್ಣಕಮಲ ಬಂದದ್ದು. ಅಪ್ಪ ಅದನ್ನು ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಚಿತ್ರ ಹಾಕುತ್ತಿದ್ದ ಕಾಲದಲ್ಲಿ ಒಂದೇ ಒಂದು ಸಲ ನೋಡಿದ್ದರಂತೆ. ರಿಟೈರ್ ಆದ ಮೇಲೆ, "ಸಾಯೋದ್ರೊಳಗೆ ಇನ್ನೊಂದ್ಸಲ ನೋಡ್ಬೇಕು ಕಣೇ" ಅಂತ ಆಗಾಗ ಹೇಳುತ್ತಿದ್ದರು. ಆಫೀಸಿನ ಗೆಳತಿಯ ಹಾರ್ಡ್‌ಡಿಸ್ಕಿನಲ್ಲಿ ಅದು ಸಿಕ್ಕಿತು. ಅವಳಿಗೆ ಯಾರು ಕೊಟ್ಟರೋ ಅವಳಿಗೂ ನೆನಪಿಲ್ಲ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಎಲೆಕ್ಟ್ರಾನಿಕ್ ಸಿಟಿಯಿಂದ ದಾಸರಹಳ್ಳಿಗೆ, ಅಂದರೆ ಬೆಂಗಳೂರಿನ ಆ ತುದಿಯಿಂದ ಈ ತುದಿಗೆ, ತಂದಿದ್ದೆ.

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಅಪ್ಪನ ಮುಂದೆ ಸೋಲೋಕಾಗುತ್ತಾ? ಶುರು ಮಾಡಿದೆ.

ಮೊದಲ ವಿಷಯ ನಿಮಗೂ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಫೈಲ್ ಹೆಸರಿನ ಕೊನೆಯಲ್ಲಿ ಇರುವ ಎಂಕೆವಿ, ಎಂಪಿ4, ಎವಿಐ ಇವೆಲ್ಲ ಡಬ್ಬಿಗಳು ಅಷ್ಟೇ. ಅಡುಗೆಮನೆಯಲ್ಲಿ 'ಸಕ್ಕರೆ' ಅಂತ ಚೀಟಿ ಅಂಟಿಸಿದ ಡಬ್ಬಿಯಲ್ಲಿ ರವೆ ಇರುತ್ತಲ್ಲ, ಹಾಗೆ. ಒಳಗೆ ಚಿತ್ರವನ್ನು ಒಂದು ಪದ್ಧತಿಯಲ್ಲಿ, ಸದ್ದನ್ನು ಇನ್ನೊಂದು ಪದ್ಧತಿಯಲ್ಲಿ ಕುಗ್ಗಿಸಿ ತುಂಬಿರುತ್ತಾರೆ. ಹಾಗೆ ಕುಗ್ಗಿಸುವ, ಮತ್ತೆ ಬಿಚ್ಚುವ ವಿಧಾನವೇ ಕೋಡೆಕ್. ಸದ್ದಿನ ಕೋಡೆಕ್ ಇದ್ದು ಚಿತ್ರದ್ದು ಇಲ್ಲದಿದ್ದರೆ ಸಿನಿಮಾ ರೇಡಿಯೋ ನಾಟಕ ಆಗುತ್ತದೆ. ಫೈಲಿನ ಹೆಸರು ಬದಲಾಯಿಸಿದರೆ ಡಬ್ಬಿಯ ಚೀಟಿ ಬದಲಾಗುತ್ತದೆ, ರವೆ ಸಕ್ಕರೆ ಆಗಲ್ಲ.

ಮೀಡಿಯಾಇನ್ಫೋ ಅನ್ನೋ ಪುಟ್ಟ ಉಚಿತ ತಂತ್ರಾಂಶ ಇದೆ. ಅದರೊಳಗೆ ಫೈಲ್ ಹಾಕಿದರೆ ಡಬ್ಬಿಯಲ್ಲಿ ಏನಿದೆ ಅಂತ ಹೇಳುತ್ತದೆ. ನಮ್ಮದರಲ್ಲಿ ಇದ್ದದ್ದು ಎಚ್.265, ಅಂದರೆ 2013ರಲ್ಲಿ ಬಂದ ಎಚ್‌ಇವಿಸಿ. ಅದರ ಪೇಟೆಂಟುಗಳಿಗೆ ದುಡ್ಡು ಕಟ್ಟಬೇಕಾದ್ದರಿಂದ ಎಲ್ಲ ಪ್ಲೇಯರ್‌ಗಳಲ್ಲೂ ಅದು ಇರಲ್ಲ. ನಮ್ಮ ಕಾಲೇಜು ದಿನಗಳಲ್ಲಿ ಇಂಥ ಸಮಸ್ಯೆಗೆ ಇದ್ದ ಮದ್ದು, ಯಾವುದೋ 'ಕೋಡೆಕ್ ಪ್ಯಾಕ್' ಇಳಿಸಿಕೊಂಡು, ಅದರ ಜೊತೆ ನಾಲ್ಕು ವೈರಸ್ಸನ್ನೂ ಮನೆಗೆ ಕರೆಯೋದು. ದಯವಿಟ್ಟು ಈಗ ಅದನ್ನು ಮಾಡಬೇಡಿ. ವಿಎಲ್‌ಸಿ ಹಾಕಿಕೊಳ್ಳಿ. 1996ರಲ್ಲಿ ಪ್ಯಾರಿಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. 2001ರಿಂದ ಮುಕ್ತ ತಂತ್ರಾಂಶ. ಬೇಕಾದ ಕೋಡೆಕ್ಕುಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ.

ವಿಎಲ್‌ಸಿ ಹಾಕಿದೆ. ಚಿತ್ರ ಬಂತು. ಆದರೆ ಎರಡು ಹೆಜ್ಜೆ ಇಟ್ಟು ನಿಲ್ಲುತ್ತೆ, ಮತ್ತೆ ಎರಡು ಹೆಜ್ಜೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ 100 ಪರ್ಸೆಂಟ್. ಅಪ್ಪನ ಕಂಪ್ಯೂಟರ್ 2013ರ ಸುಮಾರಿನದ್ದು. ಎಚ್.265 ಬಿಚ್ಚುವ ಪ್ರತ್ಯೇಕ ಸರ್ಕ್ಯೂಟು ಇಂಟೆಲ್ ಚಿಪ್‌ಗಳಲ್ಲಿ ಸರಿಯಾಗಿ ಬಂದದ್ದು 2015ರ 6ನೇ ತಲೆಮಾರಿನಿಂದ. ಅದಿಲ್ಲದಿದ್ದರೆ ಪಾಪ, ಪ್ರೊಸೆಸರ್ ಒಂದೇ ಎಲ್ಲ ಲೆಕ್ಕ ಹಾಕಬೇಕು. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಅದನ್ನು ಹಳೆಯ ಎಚ್.264ಕ್ಕೆ ಬದಲಾಯಿಸಲು ಬಿಟ್ಟು ಮಲಗಿದೆವು. ರಾತ್ರಿಯಿಡೀ ಫ್ಯಾನ್ ಸದ್ದು.

ಭಾನುವಾರ ಬೆಳಿಗ್ಗೆ ಸರಾಗವಾಗಿ ಓಡಿತು. ಮುಖಗಳೆಲ್ಲ ಅಡ್ಡಕ್ಕೆ ಊದಿಕೊಂಡಿದ್ದವು. ವಿಎಲ್‌ಸಿಯಲ್ಲಿ ಕೀಬೋರ್ಡಿನ 'ಎ' ಒತ್ತುತ್ತಾ ಹೋಗಿ 4:3ಕ್ಕೆ ತಂದೆ, ಜನ ಮನುಷ್ಯರ ಥರ ಕಂಡರು. ಗೆದ್ದೆ ಅಂದುಕೊಂಡು ಕಾಫಿ ಮಾಡಲು ಎದ್ದೆ.

ಕಾಫಿ ತರುವಷ್ಟರಲ್ಲಿ ಪರದೆಯಲ್ಲಿ ಕತ್ತಲು ಕವಿದಿತ್ತು. ಕತ್ತಲು ಅನ್ನೋದಕ್ಕಿಂತ ಕಪ್ಪು-ಬೂದು ಚೌಕಗಳು, ಮೊಸಾಯಿಕ್ ನೆಲದ ಹಾಗೆ. ಮರ ಯಾವುದು, ಹುಡುಗ ಯಾರು ತಿಳಿಯಲ್ಲ. ಬ್ರೈಟ್‌ನೆಸ್ ಏರಿಸಿದೆ, ಚೌಕಗಳು ಇನ್ನೂ ಚೆನ್ನಾಗಿ ಕಂಡವು. ಡಿಬ್ಲಾಕಿಂಗ್ ಫಿಲ್ಟರ್ ಹಾಕಿದೆ, ಮೊಸಾಯಿಕ್ ಮೇಲೆ ಗಂಜಿ ಚೆಲ್ಲಿದ ಹಾಗಾಯ್ತು. ನಾನೇ ರಾತ್ರಿ ಕೆಡಿಸಿದೆನೇನೋ ಅಂತ ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಮೂಲ ಫೈಲನ್ನೇ ಹಾಕಿ ನೋಡಿದೆ. ಅಲ್ಲೂ ಅದೇ. ವಿಎಲ್‌ಸಿಗೆ ಬೈದೆ, ಕೋಡೆಕ್ಕಿಗೆ ಬೈದೆ.

ಅಪ್ಪ ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ಕಾಫಿ ಹೀರುತ್ತಾ ಹೇಳಿದರು: "ಹೊಸಾ ಹುಡುಗ್ರೂ ಹಿಂಗೇ. ಜಾಬ್ ಕೆಟ್ರೆ ಮೊದ್ಲು ಮಿಷಿನ್ ಬಯ್ತಾರೆ. ಆಮೇಲೆ ಟೂಲ್ ಬಯ್ತಾರೆ. ಕೈಗೆ ಬಂದ ಮೆಟೀರಿಯಲ್ ಹೆಂಗಿತ್ತು ಅಂತ ಯಾರೂ ನೋಡಲ್ಲ."

ಮೆಟೀರಿಯಲ್ ಹೇಗಿತ್ತು ಅನ್ನೋದು ಸಿನಿಮಾದ ನಡುವೆ ಗೊತ್ತಾಯಿತು. ಇದ್ದಕ್ಕಿದ್ದ ಹಾಗೆ ದೃಶ್ಯ ತುಂಡಾಗಿ, ಎರಡನೇ ಡಿಸ್ಕ್ ಹಾಕಿ ಅಂತ ಹೇಳುವ ಚೀಟಿ ಪರದೆ ಮೇಲೆ ಬಂತು. ನಗು ಬಂತು, ಆಮೇಲೆ ಬೇಜಾರಾಯ್ತು. ಇದು ಹಳೆಯ ವಿಸಿಡಿ. ಯಾರೋ ಪುಣ್ಯಾತ್ಮರು ಅದನ್ನು ಹಿಗ್ಗಿಸಿ, ಹೊಸ ಕೋಡೆಕ್ಕಿನಲ್ಲಿ ಸುತ್ತಿ, '1080' ಅಂತ ಹೆಸರಿಟ್ಟಿದ್ದಾರೆ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಮಾರುತ್ತಿದ್ದ ವಿಸಿಡಿಯ ಚಿತ್ರ 352×288 ಚುಕ್ಕಿ, ಅಂದರೆ ಸುಮಾರು ಒಂದು ಲಕ್ಷ. 1920×1080 ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಪರದೆ ಮೇಲಿನ ಇಪ್ಪತ್ತು ಚುಕ್ಕಿಗಳಲ್ಲಿ ಹತ್ತೊಂಬತ್ತು ಕಂಪ್ಯೂಟರಿನ ಊಹೆ. ಆ ಒಂದು ಚುಕ್ಕಿಯೂ ಪೂರ್ತಿ ನಿಜವಲ್ಲ. ವಿಸಿಡಿಯ ಎಂಪೆಗ್-1 ಪದ್ಧತಿ ಚಿತ್ರವನ್ನು 8×8ರ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದು ಅನ್ನಿಸಿದ್ದನ್ನು ಬಿಸಾಕುತ್ತದೆ. ಸೆಕೆಂಡಿಗೆ 1150 ಕಿಲೋಬಿಟ್‌ನೊಳಗೆ ಎಲ್ಲ ಮುಗಿಸಬೇಕಲ್ಲ. ಮೊದಲು ಹೋಗುವುದು ಕತ್ತಲಿನೊಳಗಿನ ಸಣ್ಣ ಸಣ್ಣ ವ್ಯತ್ಯಾಸ: ಕಪ್ಪು ಸೀರೆಯ ಮಡಿಕೆ, ನೆರಳಲ್ಲಿ ನಿಂತವರ ಕಣ್ಣು. ಸಾಲದ್ದಕ್ಕೆ ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ವಿಡಿಯೋಗಾಗಿ ಸಾಮಾನ್ಯವಾಗಿ 25ರಲ್ಲಿ ಓಡಿಸುತ್ತಾರೆ. ಸಿನಿಮಾ ನಾಲ್ಕು ಪರ್ಸೆಂಟ್ ಬೇಗ ಮುಗಿಯುತ್ತದೆ, ಶ್ರುತಿಯೂ ಒಂಚೂರು ಏರುತ್ತದೆ. ಬಿ.ವಿ. ಕಾರಂತರ ಸಂಗೀತವನ್ನು ಹೀಗೆ ಕೇಳಿದವರೇ ನಮ್ಮಲ್ಲಿ ಜಾಸ್ತಿ ಇರಬೇಕು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅವರಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು. "ಅಂಡರ್‌ಸೈಜ್ ಆಗಿದೆ ಅನ್ನು. ಓವರ್‌ಸೈಜ್ ಇದ್ರೆ ಇನ್ನೊಂದು ಕಟ್ ತಗೋಬೋದು. ಅಂಡರ್‌ಸೈಜ್ ಆದ್ರೆ ಮುಗೀತು, ಸ್ಕ್ರಾಪ್. ಲೇತ್ ಕೆರೆಯುತ್ತೆ ಅಷ್ಟೇ, ವಾಪಸ್ ಅಂಟಿಸಲ್ಲ."

ಅವತ್ತಿಂದ ವಿಡಿಯೋ ಕೆಟ್ಟಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಇದು ಓವರ್‌ಸೈಜಾ, ಅಂಡರ್‌ಸೈಜಾ? ಕೋಡೆಕ್ ಇಲ್ಲ, ಪ್ರೊಸೆಸರ್ ಸಾಲದು, ಆಕಾರ ಹಿಗ್ಗಿದೆ, ಸದ್ದು ಹಿಂದೆ ಬಿದ್ದಿದೆ: ಇವೆಲ್ಲ ಓವರ್‌ಸೈಜ್. ಮಾಹಿತಿ ಫೈಲಿನಲ್ಲಿದೆ, ತೆಗೆಯಲು ನಮಗೆ ಬರುತ್ತಿಲ್ಲ ಅಷ್ಟೇ. ಒಂದು ರಾತ್ರಿಯ ಕೆಲಸ. ಚೌಕಗಳು, ಕತ್ತರಿಸಿದ ಹಾಡು, ಮೂಲೆಯಲ್ಲಿ ಅಳಿಸಲಾಗದ ಹಾಗೆ ಕೂತ ಕಂಪನಿಯ ಮುದ್ರೆ: ಇವು ಅಂಡರ್‌ಸೈಜ್. ಯಾವ ಪ್ಲೇಯರೂ ಏನೂ ಮಾಡಲಾರದು. ಇತ್ತೀಚೆಗೆ 'ಎಚ್‌ಡಿ' ಅಂತ ಬರುವ ಹಳೆಯ ಸಿನಿಮಾಗಳದ್ದು ಇನ್ನೊಂದು ಕಥೆ. ಅಗಲ ಪರದೆ ತುಂಬಬೇಕು ಅಂತ ಚಿತ್ರದ ಮೇಲೆ ಕೆಳಗೆ ಕತ್ತರಿಸುತ್ತಾರೆ. 1.37 ಅನುಪಾತದಲ್ಲಿ ತೆಗೆದದ್ದನ್ನು 1.78ಕ್ಕೆ ಕತ್ತರಿಸಿದರೆ ಸುಮಾರು ಕಾಲು ಭಾಗ ಚಿತ್ರ ಹೋಯಿತು. ತಲೆ ಇಲ್ಲದ ನಾಯಕ, ಪಾದವಿಲ್ಲದ ನಾಯಕಿ, ಆದರೆ ಫಳಫಳ ಎಚ್‌ಡಿ!

ನನ್ನ ತಕರಾರು ಬರೀ ತಾಂತ್ರಿಕವಾದದ್ದಲ್ಲ. ನಮ್ಮ ವಯಸ್ಸಿನವರಲ್ಲಿ ಕನ್ನಡದ ಹೊಸ ಅಲೆಯ ಸಿನಿಮಾ ಅಂದರೆ ಒಂದು ಜೋಕು. ಕತ್ತಲೆ, ಮಬ್ಬು, ಏನೂ ಕಾಣಲ್ಲ, ಏನೂ ನಡೆಯಲ್ಲ. ನಾನೂ ಕ್ಯಾಂಟೀನಿನಲ್ಲಿ ಈ ಜೋಕು ಹೊಡೆದಿದ್ದೇನೆ. ಮಬ್ಬು ಸಿನಿಮಾದ್ದಾ, ಕಾಪಿಯದ್ದಾ ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. 'ಘಟಶ್ರಾದ್ಧ'ಕ್ಕೆ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. 'ಸಂಸ್ಕಾರ'ಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್. ಇಬ್ಬರೂ ಕಪ್ಪು ಬಿಳುಪಿನಲ್ಲಿ, ಬೆಳಕು ನೆರಳಿನಲ್ಲೇ ಕಥೆ ಹೇಳಿದವರು. ವಿಧವೆ ಯಮುನಕ್ಕನ ಗುಟ್ಟನ್ನು ಪುಟ್ಟ ನಾಣಿ ಅರ್ಧಂಬರ್ಧ ತಿಳಿಯುವ ಕಥೆ ಇದು. ಹುಡುಗನಿಗೆ ಎಷ್ಟು ಕಂಡಿತು, ಎಷ್ಟು ಕಾಣಲಿಲ್ಲ ಅನ್ನೋದೇ ಇಲ್ಲಿ ಮುಖ್ಯ. ನೆರಳೊಳಗಿನ ಮುಖವನ್ನೇ ಅಳಿಸಿಬಿಟ್ಟರೆ ಉಳಿಯುವುದು ಬರೀ ಕಥಾಸಾರಾಂಶ. ಅದನ್ನು ನೋಡಿ ನಾವು 'ಸ್ಲೋ' ಅಂತ ತೀರ್ಪು ಕೊಟ್ಟೆವು. ಹಾಳಾದ ಮೆಟೀರಿಯಲ್ ನೋಡಿ ಡಿಸೈನರ್‌ಗೆ ಬೈದ ಹಾಗೆ.

ಹಾಗಂತ ವಿಸಿಡಿಯನ್ನು ನಾನು ಹಳಿಯಲ್ಲ. ಅದೂ ಇಲ್ಲದಿದ್ದರೆ ಅಪ್ಪ ಅವತ್ತು ಏನನ್ನೂ ನೋಡುತ್ತಿರಲಿಲ್ಲ. 1934ರ 'ಸತಿ ಸುಲೋಚನ', ಕನ್ನಡದ ಮೊದಲ ಟಾಕಿ, ಅದರ ಪ್ರತಿಯೇ ಉಳಿದಿಲ್ಲ. ಅದರ ಒಂದು ಮಬ್ಬು ವಿಸಿಡಿ ಸಿಕ್ಕರೂ ಎದೆಗೊತ್ತಿಕೊಳ್ಳುತ್ತೇವೆ. ನಾನು ಕೇಳುವುದು ಇಷ್ಟೇ. ವಿಸಿಡಿಯನ್ನು ವಿಸಿಡಿ ಅಂತಲೇ ಕರೆಯಿರಿ. ಮನೆಯಲ್ಲಿ ಹಳೆಯ ಡಿಸ್ಕ್‌ಗಳಿದ್ದರೆ ಎಂಪೆಗ್‌ಎವಿ ಫೋಲ್ಡರಿನ ಡ್ಯಾಟ್ ಫೈಲುಗಳನ್ನು ಹಾಗೆಯೇ ಎತ್ತಿಡಿ. ನೋಡಲು ಬೇರೆ ಪ್ರತಿ ಮಾಡಿಕೊಳ್ಳಿ, ಮೂಲವನ್ನು ಹಿಗ್ಗಿಸಿ ಬಿಸಾಕಬೇಡಿ. ಪ್ರತಿ ಸಲ ಹೊಸ ಕೋಡೆಕ್ಕಿಗೆ ಬದಲಾಯಿಸಿದಾಗಲೂ ಲೇತ್ ಇನ್ನಷ್ಟು ಕೆರೆಯುತ್ತದೆ. ಸಿನಿಮಾ ಬಗ್ಗೆ ತೀರ್ಪು ಕೊಡುವ ಮೊದಲು ನೋಡಿದ್ದು ಯಾವ ಕಾಪಿ ಅಂತಲೂ ಒಂದು ಸಾಲು ಬರೆಯಿರಿ. ಪುಸ್ತಕ ವಿಮರ್ಶೆಯಲ್ಲಿ ಯಾವ ಮುದ್ರಣ ಅಂತ ಹಾಕಲ್ವಾ?

ಇನ್ನು ಖುಷಿಯ ವಿಷಯ. 'ಘಟಶ್ರಾದ್ಧ'ದ ಕ್ಯಾಮೆರಾ ನೆಗೆಟಿವ್ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೆಸಿ ಕಟ್ಟಿದ ಫಿಲಂ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆ ಪ್ರತಿ ಮಾಡಿದರು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಊಹೆ ಮಾಡಿ ತುಂಬಿದ ಚುಕ್ಕಿಗಳಲ್ಲ, ಫಿಲ್ಮಿನ ಮೇಲೆ ನಿಜವಾಗಿ ಬಿದ್ದ ಬೆಳಕು.

ಅವತ್ತು ನಾವು ಸಿನಿಮಾವನ್ನು ಕೊನೆವರೆಗೂ ನೋಡಿದೆವು. ಚೌಕಗಳು ಬಂದಾಗಲೆಲ್ಲ ಅಪ್ಪ ಹೇಳುತ್ತಿದ್ದರು: "ಇಲ್ಲಿ ಅವಳ ಮುಖ ಕಾಣುತ್ತೆ." "ಈಗ ಹುಡುಗ ತಿರುಗಿ ನೋಡ್ತಾನೆ." ಎಷ್ಟೋ ವರ್ಷದ ಹಿಂದೆ ಪುಟ್ಟ ಟೀವಿಯಲ್ಲಿ ಒಮ್ಮೆ ಕಂಡದ್ದನ್ನು ನೆನಪಿನಿಂದ ತುಂಬುತ್ತಿದ್ದರು. ನನ್ನ ಹತ್ತಿರ ತುಂಬಲು ಅಂಥದ್ದೇನೂ ಇರಲಿಲ್ಲ.

ಮುಗಿದ ಮೇಲೆ ನೆಗೆಟಿವ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರೆ ರಾ ಮೆಟೀರಿಯಲ್ ಹಂಗೇ ಇದೆ ಅನ್ನು?"

"ಇದೆ ಅಪ್ಪ."

"ಹಂಗಾದ್ರೆ ಈ ಫೈಲ್ ಅಳಿಸ್ಬೇಡ. ಅದು ಬರೋವರ್ಗೂ ಇದಿರ್ಲಿ. ಬಂದಾಗ ನೀನೂ ರಜಾ ಹಾಕು."