ಯಾವ ವೆಲ್ಲೆಸ್ಲಿ?

ಗಿರೀಶ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ನಾಟಕದಲ್ಲಿ ಲಾರ್ಡ್ ಮಾರ್ನಿಂಗ್ಟನ್ ಇದ್ದಾನೆ, ಆರ್ಥರ್ ವೆಲ್ಲೆಸ್ಲಿಯೂ ಇದ್ದಾನೆ. ‘ಸಹಾಯಕ ಸೈನ್ಯ ಪದ್ಧತಿ ತಂದವನು ಲಾರ್ಡ್ ವೆಲ್ಲೆಸ್ಲಿ’ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಓದುಗ ಸಹಜವಾಗಿಯೇ ಎರಡನೆಯವನನ್ನು ಆ ಲಾರ್ಡ್ ಎಂದುಕೊಳ್ಳುತ್ತಾನೆ. ಆದರೆ ಆ ಲಾರ್ಡ್ ಮಾರ್ನಿಂಗ್ಟನ್ನೇ. ಅವನ ಹೆಸರು ರಿಚರ್ಡ್ ವೆಲ್ಲೆಸ್ಲಿ. ಮಾರ್ನಿಂಗ್ಟನ್ ಎನ್ನುವುದು ಅಪ್ಪನಿಂದ ಬಂದ ಪದವಿ. ಆರ್ಥರ್ ಅವನಿಗೆ ಒಂಬತ್ತು ವರ್ಷ ಕಿರಿಯ ತಮ್ಮ.

ಕಾರ್ನಾಡರ ಬಳಕೆ ಸರಿಯಾಗಿಯೇ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅವನಿನ್ನೂ ಮಾರ್ನಿಂಗ್ಟನ್. ಮಾರ್ಕ್ವೆಸ್ ವೆಲ್ಲೆಸ್ಲಿ ಆದದ್ದು ಆ ಗೆಲುವಿಗೆ ಬಹುಮಾನವಾಗಿ, ಅದೇ ವರ್ಷದ ಕೊನೆಗೆ. (ಕೊಟ್ಟದ್ದು ಐರ್ಲೆಂಡಿನ ಪದವಿಯೆಂದು ಮುನಿಸಿಕೊಂಡು, ಅದನ್ನು ಚಿನ್ನದ ನೀರು ಹೊಯ್ದ ಆಲೂಗಡ್ಡೆ ಎಂದು ಜರೆದನಂತೆ!) ಮನೆತನದ ಹೆಸರೂ ಮೊದಲು ವೆಸ್ಲಿ, ಆರ್ಥರ್ ವೆಲ್ಲೆಸ್ಲಿ ಎಂದು ಸಹಿ ಹಾಕತೊಡಗಿದ್ದು 1798ರಲ್ಲಿ. 1814ರಲ್ಲಿ ಅವನೂ ಡ್ಯೂಕ್ ಆಫ್ ವೆಲಿಂಗ್ಟನ್ ಆದ.

ನಮ್ಮ ತಿಪಟೂರು, ತುರುವೇಕೆರೆ ಕಡೆ ಒಂದೇ ಊರಲ್ಲಿ ಮೂವರು ಸಿದ್ದಲಿಂಗಪ್ಪಂದಿರಿದ್ದರೂ ಯಾರೂ ತಬ್ಬಿಬ್ಬಾಗುವುದಿಲ್ಲ. ಒಬ್ಬ ಪಟೇಲರ ಮನೆಯವನು, ಒಬ್ಬ ಕೆರೆ ಹಿಂದಿನ ತೋಟದವನು, ಇನ್ನೊಬ್ಬ ಕೊಬ್ಬರಿ ಮಂಡಿಯವನು. ಯಾರಿಗೆ ಯಾರು ಅಣ್ಣ, ಯಾರು ದಾಯಾದಿ ಎಂಬುದು ಸಂತೆಗೆಲ್ಲ ಗೊತ್ತು. ಬ್ರಿಟಿಷ್ ಪದವಿಯ ದಾರಿ ಬೇರೆ. ಅದು ಸಿಕ್ಕಿದೊಡನೆ ಮನೆಯ ಗುರುತೇ ಮರೆಯಾಗುತ್ತದೆ.

ಮೈಸೂರಿನ ಮಟ್ಟಿಗೆ ಇದು ಬರೀ ಹೆಸರಿನ ಗೊಂದಲವಲ್ಲ. ಟಿಪ್ಪು ಸತ್ತ ಮೇಲೆ ರಾಜ್ಯದ ಹಂಚಿಕೆಗೆ ಕೂತ ಆಯೋಗದಲ್ಲಿ ಐವರು: ಜನರಲ್ ಹ್ಯಾರಿಸ್, ಬ್ಯಾರಿ ಕ್ಲೋಸ್, ಕರ್ಕ್‌ಪ್ಯಾಟ್ರಿಕ್, ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ. ಹೆನ್ರಿ ಇನ್ನೊಬ್ಬ ತಮ್ಮ. ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕೂರಿಸಿದ ಮಂಡಳಿಯಲ್ಲಿ ಗವರ್ನರ್ ಜನರಲ್‌ನ ಇಬ್ಬರು ತಮ್ಮಂದಿರು! ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ನಡೆಸಿದವನು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು, ಅದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದವನು. ಪಟ್ಟಣದ ಅಧಿಕಾರವನ್ನು ಹ್ಯಾರಿಸ್ ವಹಿಸಿದ್ದು ಮಾತ್ರ ಆರ್ಥರ್‌ಗೆ. ಬೇರ್ಡ್ ಕೆರಳಿ ಪತ್ರ ಬರೆದ.

ನಾಟಕವನ್ನು ಇದರೊಂದಿಗೆ ಓದಬೇಕು. ಟಿಪ್ಪುವನ್ನು ನಾವು ಅಲ್ಲಿ ಹೈದರನ ಮಗನಾಗಿ, ಒತ್ತೆಯಾಳಾಗಿ ಹೋದ ಮಕ್ಕಳ ತಂದೆಯಾಗಿ ನೋಡುತ್ತೇವೆ. ಎದುರಿನವರು ಬರೀ ಹುದ್ದೆಗಳಾಗಿ ಕಾಣುತ್ತಾರೆ: ಒಬ್ಬ ಗವರ್ನರ್ ಜನರಲ್, ಒಬ್ಬ ಕರ್ನಲ್. ಹೀಗಾಗಿ ಮನೆತನದ ಆಸೆ, ಪುತ್ರವ್ಯಾಮೋಹಗಳೆಲ್ಲ ಮೈಸೂರಿನ ಪಾಲಿಗೆ; ಆಡಳಿತ, ಯುದ್ಧತಂತ್ರಗಳು ಕಂಪನಿಯ ಪಾಲಿಗೆ ಎಂಬ ಭಾವನೆ ಉಳಿಯುತ್ತದೆ. ಅಲ್ಲಿಯೂ ಒಂದು ಮನೆತನ ಮೇಲೇರುತ್ತಿತ್ತು. ಇಂಗ್ಲಿಷಿನ ಬ್ರದರ್ ಎಂಬ ಒಂದೇ ಪದ ಹಿರಿಯನಿಗೂ ಕಿರಿಯನಿಗೂ ಸಲ್ಲುತ್ತದೆ. ಕನ್ನಡದಲ್ಲಿ ಅಣ್ಣ, ತಮ್ಮ ಎರಡೂ ಇರುವಾಗ ನಮ್ಮ ಚರಿತ್ರೆ ಪುಸ್ತಕಗಳು ಅವನ್ನೇಕೆ ಬಳಸಬಾರದು? ದೊಂಡಿಯಾ ವಾಘನನ್ನು ಬೆನ್ನಟ್ಟಿ 1800ರಲ್ಲಿ ಮುಗಿಸಿದವನು ತಮ್ಮ ವೆಲ್ಲೆಸ್ಲಿ ಎಂದರೆ ಸಾಕು.

ಆರ್ಥರ್ ಶ್ರೀರಂಗಪಟ್ಟಣದಲ್ಲಿದ್ದಾಗ ವಾಸವಿದ್ದದ್ದು ದರಿಯಾ ದೌಲತ್‌ನಲ್ಲಿ. ಅದೇ ಊರಿನಲ್ಲಿ ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಸೇತುವೆ ವೆಲ್ಲೆಸ್ಲಿ ಸೇತುವೆ. ಅದು ಅಣ್ಣನ ಹೆಸರು.