ಒತ್ತಕ್ಷರಕ್ಕೆ ಒದಗುವ ನಿಬ್ಬು

ಹಳೆಯ ಮಾಂಟ್‌ಬ್ಲಾಂಕ್ 149 ಕೊಳ್ಳುವವರು ಏನೇನು ನೋಡಬೇಕೆಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಹೇಳಲೇಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. 1952ರಲ್ಲಿ ಬಂದ ಈ ಪೆನ್ನು ಅಂದಿನಿಂದ ಇಂದಿನವರೆಗೂ ಪಿಸ್ಟನ್ ಪೆನ್ನೇ. ಬಿಚ್ಚಿದಾಗ ಒಳಗೆ ಕಾರ್ಟ್ರಿಜ್ಜೋ ಕನ್ವರ್ಟರೋ ಕಂಡರೆ ಅದು ನಕಲಿ, ಮಾರುವವರು ಯಾವ ಕಥೆ ಹೇಳಿದರೂ ಕೈಬಿಡಿ. ಹಿಂಬದಿಯ ತಿರುಪು ಬಿಗಿಯಾಗಿದ್ದರೆ ಒಳಗೆ ಮಸಿ ಒಣಗಿರಬಹುದು. ಬಲ ಹಾಕಬೇಡಿ, ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಟ್ಟು ಬೆಳಿಗ್ಗೆ ನೋಡಿ. ಐವತ್ತರ ದಶಕದ ಸೆಲ್ಯುಲಾಯ್ಡ್ ಒಡಲಿಗೆ ಬಿಸಿನೀರು ತಾಗಲೇಬಾರದು. ನಿಬ್ಬಿನ ಮೇಲಿನ 4810 ಎಂಬ ಅಂಕಿ ಮಾಂಟ್‌ಬ್ಲಾಂಕ್ ಬೆಟ್ಟದ ಎತ್ತರವೆಂದು ನಿಮಗೆ ಗೊತ್ತೇ ಇದೆ. ಆ ಅಂಕಿಯನ್ನು ನಕಲಿಯವರೂ ಕೆತ್ತುತ್ತಾರೆ, ಅದನ್ನು ನೋಡಿ ನಂಬುವಂತಿಲ್ಲ.

149ರ ಉಳಿದ ಸಂಗತಿಗಳನ್ನು ಬದಿಗಿಡುತ್ತಿದ್ದೇನೆ. ಈಚೆಗೆ ಬಂದ ಓದುಗರೊಬ್ಬರ ಪತ್ರ ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಎತ್ತಿದೆ. ಅವರು ಯುರೋಪಿನ ದುಬಾರಿ ಪೆನ್ನೊಂದನ್ನು ಕೊಂಡಿದ್ದಾರೆ. ಇಂಗ್ಲಿಷ್ ಸಹಿ ಹಾಕುವಾಗ ಬೆಣ್ಣೆಯಂತೆ ಜಾರುವ ನಿಬ್ಬು ಕನ್ನಡ ಬರೆಯಲು ಕೂತರೆ ಅಲ್ಲಲ್ಲಿ ಅಕ್ಷರದ ಆರಂಭವನ್ನೇ ನುಂಗಿಬಿಡುತ್ತದೆ. ಅಂಗಡಿಯವರು ಇಂಕು ಬದಲಿಸಲು ಹೇಳಿದರು, ಬದಲಿಸಿದ್ದಾಯಿತು, ರೋಗ ಹಾಗೆಯೇ ಇದೆ. ತಮ್ಮ ಕೈಬರಹವೇ ಸರಿಯಿಲ್ಲವೇನೋ ಎಂಬ ಅಳುಕು ಪತ್ರದ ಕೊನೆಯಲ್ಲಿದೆ.

ಕೈಬರಹದಲ್ಲಿ ಯಾವ ದೋಷವೂ ಇಲ್ಲ ಎಂದು ಅವರಿಗೆ ಖಚಿತವಾಗಿ ಹೇಳಬಲ್ಲೆ. ಇದು ಬೇಬೀಸ್ ಬಾಟಮ್ ಎಂದು ಸಂಗ್ರಾಹಕರು ಕರೆಯುವ ಕಾಯಿಲೆ. ನಿಬ್ಬಿನ ಸೀಳು ತುದಿಯಲ್ಲಿ ಕೊನೆಗೊಳ್ಳುವ ಕಡೆ ಎರಡೂ ಎಲೆಗಳ ಒಳ ಅಂಚು ಕಾಗದಕ್ಕೆ ತಾಗುವಷ್ಟು ಚೂಪಾಗಿರಬೇಕು. ಕಾರ್ಖಾನೆಯಲ್ಲಿ ಅತಿಯಾಗಿ ನಯಗೊಳಿಸಿದಾಗ ಆ ಅಂಚುಗಳು ಒಳಮುಖವಾಗಿ ಉರುಟಾಗುತ್ತವೆ. ಮಸಿ ಸೀಳಿನ ತುದಿಯವರೆಗೆ ಬಂದು ನಿಂತಿರುತ್ತದೆ, ಆದರೆ ಮಸಿಗೂ ಕಾಗದಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ಉಳಿದುಬಿಡುತ್ತದೆ. ಸ್ವಲ್ಪ ಒತ್ತಿದರೆ ಎಲೆಗಳು ಅಗಲಿ ಮಸಿ ಇಳಿಯುತ್ತದೆ. ಒಮ್ಮೆ ಇಳಿದರೆ ಗೆರೆ ತಾನಾಗಿ ಸಾಗುತ್ತದೆ. ತೊಂದರೆಯೆಲ್ಲ ಮೊದಲ ಮುಟ್ಟಿನಲ್ಲಿ.

ಈ ತೀರ್ಮಾನಕ್ಕೆ ಬರುವ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಕೈಯ ಜಿಡ್ಡು ಹತ್ತಿದ ಕಾಗದದ ಮೇಲೆ ಎಂಥ ನಿಬ್ಬೂ ತಡವರಿಸುತ್ತದೆ, ಅಂಗೈ ಕೆಳಗೆ ಬೇರೊಂದು ಹಾಳೆ ಇಟ್ಟು ಬರೆದು ನೋಡಿ. ಹೊಸ ಪೆನ್ನಿನ ನಾಲಗೆಯಲ್ಲಿ ಕಾರ್ಖಾನೆಯ ಎಣ್ಣೆ ಉಳಿದಿರಬಹುದು, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಸೇರಿಸಿ ತೊಳೆದು, ಆಮೇಲೆ ಬರೀ ನೀರಿನಲ್ಲಿ ಜಾಲಿಸಿ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಎರಡು ಎಲೆಗಳು ಸಮಮಟ್ಟದಲ್ಲಿವೆಯೇ ನೋಡಿ. ಒಂದು ಮೇಲೆ ಇನ್ನೊಂದು ಕೆಳಗೆ ಇದ್ದರೆ ಒಂದು ದಿಕ್ಕಿಗೆ ಎಳೆದಾಗ ಮಾತ್ರ ಕೆರೆಯುತ್ತದೆ, ಅದು ಬೇರೆ ರೋಗ. ಅರ್ಧ ಪುಟ ಚೆನ್ನಾಗಿ ಬರೆದು ಆಮೇಲೆ ಬತ್ತಿದರೆ ಅದೂ ಬೇರೆಯೇ. ಪೈಲಟ್ ಕಸ್ಟಮ್ 823 ಇಟ್ಟುಕೊಂಡವರು ಹಿಂಬದಿಯ ತಿರುಪನ್ನು ಒಂದಿಷ್ಟು ಸಡಿಲಿಸದೆ ಪುಟಗಟ್ಟಲೆ ಬರೆಯಲು ಹೊರಟರೆ ಹಾಗಾಗುತ್ತದೆ. ಅಲ್ಲಿ ಒಳಗಿನ ಕವಾಟ ಮಸಿಯ ದಾರಿ ಮುಚ್ಚಿರುತ್ತದೆ, ಪೆನ್ನು ಕೆಟ್ಟಿರುವುದಿಲ್ಲ.

ಇವೆಲ್ಲ ಅಲ್ಲವೆಂದಾದ ಮೇಲೆ ಉಳಿಯುವುದು ಅತಿನಯದ ರೋಗ. ಇದಕ್ಕೆ ಹೊಣೆ ಯಾರೆಂದು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ನಿಬ್ಬು ಗಾಜಿನ ಮೇಲೆ ಜಾರಬೇಕು, ಕಾಗದವಿದೆಯೆಂದೇ ಕೈಗೆ ತಿಳಿಯಬಾರದು ಎಂದು ಬೋಧಿಸುವ ಒಂದು ಪಂಥವಿದೆ. ಸಾಲುಸಾಲು ಸುರುಳಿ ಬರೆದು, ಎಂಟರ ಆಕಾರ ಸುತ್ತಿ, ನುಣುಪೊಂದಕ್ಕೇ ಅಂಕ ಕೊಡುವವರು ಇವರು. ಕೊಳ್ಳುವವರು ನುಣುಪನ್ನೇ ಕೇಳಿದರೆ ಕಾರ್ಖಾನೆ ನುಣುಪನ್ನೇ ಕೊಡುತ್ತದೆ. ಅದೂ ಸಾಲದೆಂದು ಮನೆಯಲ್ಲೇ ಮೈಕ್ರೋಮೆಶ್ ಹಾಳೆ ತಂದು ಹೊಸ ನಿಬ್ಬನ್ನು ಉಜ್ಜುವುದನ್ನು ಇದೇ ಪಂಥ ಕಲಿಸಿತು. ತುದಿಯಲ್ಲಿ ಬೆಸೆದಿರುವ ಗಟ್ಟಿ ಲೋಹವನ್ನು ನಾವು ಇಂದಿಗೂ ಇರಿಡಿಯಂ ಎನ್ನುತ್ತೇವೆ, ಈಗದು ಹೆಚ್ಚಾಗಿ ಬೇರೆ ಲೋಹಗಳ ಮಿಶ್ರಣ. ಅದು ಸಾಸಿವೆಗಿಂತ ಚಿಕ್ಕ ಮಣಿ. ಉಜ್ಜಿ ಹೋದದ್ದು ಮರಳಿ ಬರುವುದಿಲ್ಲ. ಲಕ್ಷದ ಪೆನ್ನಾದರೂ ಅದರ ಬರವಣಿಗೆಯ ಬಾಳು ಇರುವುದು ಆ ಮಣಿಯಲ್ಲಿ.

ಆ ಸುರುಳಿ ಪರೀಕ್ಷೆ ಹುಟ್ಟಿದ್ದು ಕೂಡಕ್ಷರದ ಇಂಗ್ಲಿಷ್ ಬರೆಯುವವರ ನಡುವೆ. ಅಲ್ಲಿ ಪದದ ಆರಂಭದಲ್ಲಿ ಕಾಗದ ಮುಟ್ಟಿದ ನಿಬ್ಬು ಪದ ಮುಗಿಯುವವರೆಗೆ ಹೆಚ್ಚುಕಡಿಮೆ ಮೇಲೇಳುವುದೇ ಇಲ್ಲ. ನಮ್ಮ ಬರವಣಿಗೆಯ ನಡೆ ಬೇರೆ. ಕನ್ನಡ ಅಕ್ಷರ ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುವುದಿಲ್ಲ. ‘ಕನ್ನಡ’ ಎಂದು ಬರೆಯುವಷ್ಟರಲ್ಲಿ ನಿಬ್ಬು ಕಾಗದವನ್ನು ಹೊಸದಾಗಿ ಮುಟ್ಟುವುದು ಕಡಿಮೆಯೆಂದರೂ ನಾಲ್ಕು ಸಲ, ತಲೆಕಟ್ಟನ್ನು ಬೇರೆಯಾಗಿ ಎಳೆಯುವ ಕೈಯಾದರೆ ಇನ್ನೂ ಹೆಚ್ಚು. ‘ರಾಷ್ಟ್ರ’ದಲ್ಲಿ ಷಕಾರ ಮುಗಿಸಿ, ಕೆಳಗಿಳಿದು ಟಕಾರದ ಒತ್ತು, ಮತ್ತೆ ರಕಾರದ ಒತ್ತು. ಒಂದೊಂದೂ ಹೊಸ ಆರಂಭ. ಒಂದೇ ನಿಬ್ಬು, ಒಂದೇ ಇಂಕು, ಒಂದೇ ಕಾಗದ ಇದ್ದರೂ ಇಂಗ್ಲಿಷಿನಲ್ಲಿ ಪದಕ್ಕೊಮ್ಮೆ ಬರಬಹುದಾದ ತಡವರಿಕೆ ಕನ್ನಡದಲ್ಲಿ ಮೂರುನಾಲ್ಕು ಸಲ ಕಾಣುತ್ತದೆ. ಪತ್ರ ಬರೆದ ಓದುಗರ ಒಗಟಿಗೆ ಉತ್ತರ ಇದೇ. ಕನ್ನಡ ಬರೆಯುವವರು ಪೆನ್ನಿನಲ್ಲಿ ಮೊದಲು ಕೇಳಬೇಕಾದ್ದು ಮುಟ್ಟಿದೊಡನೆ ಮಸಿ ಬಿಡುವ ಗುಣವನ್ನು. ಜಾರುವ ಸುಖಕ್ಕೆ ಅದಾದ ಮೇಲಿನ ಸ್ಥಾನ.

ಗೆರೆಯ ದಪ್ಪವನ್ನೂ ಇಲ್ಲೇ ಸೇರಿಸಿಬಿಡುತ್ತೇನೆ. ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಇಟ್ಟರೆ ಠ, ಧಕಾರದ ಹೊಟ್ಟೆಯಲ್ಲಿ ಇಟ್ಟರೆ ಥ. ದ-ಧ, ಪ-ಫ, ಡ-ಢ ಇವುಗಳ ಅಂತರವೆಲ್ಲ ಬುಡದ ಒಂದು ಪುಟ್ಟ ಸೀಳು. ಯುರೋಪಿನ ಮೀಡಿಯಂ ನಿಬ್ಬು ಸಾಮಾನ್ಯ ಗಾತ್ರದ ಅಕ್ಷರದಲ್ಲಿ ಆ ಚುಕ್ಕೆಯನ್ನೂ ಸೀಳನ್ನೂ ಮಸಿಯಿಂದ ಮುಚ್ಚಿಬಿಡುತ್ತದೆ. ಒತ್ತಕ್ಷರವಂತೂ ಗೆರೆಯ ಕೆಳಗೆ ಕಲೆಯಾಗಿ ಕೂರುತ್ತದೆ. ಜಪಾನಿನ ಫೈನ್ ಯುರೋಪಿನ ಫೈನ್‌ಗಿಂತ ಸಣ್ಣದು, ಹೆಚ್ಚುಕಡಿಮೆ ಅಲ್ಲಿಯ ಎಕ್ಸ್‌ಟ್ರಾ ಫೈನ್‌ಗೆ ಸಮ. ಒತ್ತೊತ್ತಾಗಿ ಗೆರೆ ಕೂಡಿಸಿ, ಪ್ರತಿ ಗೆರೆಗೂ ಕೈಯೆತ್ತಿ ಬರೆಯುವ ಕಾಂಜಿ ಲಿಪಿಗಾಗಿ ಬೆಳೆದ ಕಸುಬು ಅದು. 1911ರಲ್ಲಿ ಹಿರೋಷಿಮಾ ಪ್ರಾಂತದ ಕುರೆಯಲ್ಲಿ ಆರಂಭವಾದ ಸೈಲರ್ ಕಂಪನಿಯ 21 ಕ್ಯಾರೆಟ್ ನಿಬ್ಬನ್ನು ಹಿಡಿದವರಿಗೆ ಗೊತ್ತು, ಚೆನ್ನಾಗಿ ಮಾಡಿದ ಪೆನ್ಸಿಲ್ಲಿನಂತೆ ಅದು ಕಾಗದವನ್ನು ಬೆರಳಿಗೆ ತಿಳಿಸುತ್ತಲೇ ಇರುತ್ತದೆ. ಜಾರುಪಂಥದವರು ಇದನ್ನು ಕೊರತೆಯೆಂದು ಬರೆಯುತ್ತಾರೆ. ನನಗೆ ಅದೇ ಆ ನಿಬ್ಬಿನ ಹಿರಿಮೆ. ಒತ್ತು ಎಲ್ಲಿ ಆರಂಭವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಆ ತಿಳಿವಳಿಕೆಯಿಲ್ಲದೆ ಕೈಗೆ ಬರುವುದಿಲ್ಲ. ಅದೇ ಕಂಪನಿಯ ನೊಬುಯೋಶಿ ನಾಗಹಾರ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ನಗಿನಾತಾ ತೋಗಿ ಎಂಬ ಉದ್ದ ತುದಿಯ ನಿಬ್ಬಿದೆ. ಪೆನ್ನನ್ನು ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ಓರೆ ಮಾಡಿದರೆ ದಪ್ಪ ಗೆರೆ. ತಲೆಕಟ್ಟಿಗೊಂದು ದಪ್ಪ, ಒತ್ತಿಗೊಂದು ದಪ್ಪ ಬೇಕೆನ್ನುವವರು ಅದನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯಬೇಕು.

ಹಳೆಯ ಪೆನ್ನುಗಳಲ್ಲಿ ಮುಟ್ಟಿದೊಡನೆ ಮಸಿ ಬಿಡುವ ಪರೀಕ್ಷೆಗೆ ಎದೆಯೊಡ್ಡಿ ನಿಲ್ಲುವುದು 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51. ಬೇಗ ಒಣಗುವ ಇಂಕಿಗಾಗಿಯೇ ಅದರ ನಿಬ್ಬನ್ನು ಹುಡ್ ಒಳಗೆ ಅಡಗಿಸಿದರು. ತುದಿಯಷ್ಟೇ ಹೊರಗೆ, ಉಳಿದದ್ದೆಲ್ಲ ಗಾಳಿ ತಾಗದೆ ತೇವವಾಗಿ ಒಳಗೆ. ನಡುವೆ ನಿಲ್ಲಿಸಿ ಯೋಚಿಸಿ ಮತ್ತೆ ಬರೆದರೂ ಮೊದಲ ಗೆರೆ ಬೀಳುತ್ತದೆ. 1948ರ ನಂತರದ ಏರೋಮೆಟ್ರಿಕ್ ಮಾದರಿಯನ್ನೇ ಹುಡುಕಿ, ಅದರ ಚೀಲ ಇಷ್ಟು ದಶಕಗಳ ಮೇಲೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಹುಡ್ ತುಟಿಯಲ್ಲಿ ಬಿರುಕಿದೆಯೇ, ತುದಿಯ ಮಣಿ ಸವೆದಿದೆಯೇ ಎಂಬೆರಡನ್ನು ನೋಡಿಕೊಂಡರೆ ಸಾಕು. ಸೀಮಿತ ಆವೃತ್ತಿಯ ಚಿನ್ನದ ಕವಚಕ್ಕೆ ಕೊಡುವ ಹಣದ ಸಣ್ಣ ಪಾಲಿಗೆ ಸಿಗುವ ಪೆನ್ನಿದು. 2009ರಲ್ಲಿ ಮಾಂಟ್‌ಬ್ಲಾಂಕ್ ಗಾಂಧೀಜಿಯ ಹೆಸರಿನಲ್ಲಿ ಬಿಳಿಚಿನ್ನದ 241 ಪೆನ್ನು ಮಾಡಿತಲ್ಲ, ಆ ಗಾಂಧೀಜಿ 1935ರಲ್ಲಿ ರಾಜಮಹೇಂದ್ರಿಯ ಪೆನ್ನು ತಯಾರಕ ರತ್ನಂ ಅವರಿಗೆ ಮೆಚ್ಚುಗೆಯ ಪತ್ರ ಬರೆದದ್ದು ಸ್ವದೇಶಿ ಪೆನ್ನಿಗಾಗಿ. ಆ ಊರಿನ ಎಬೊನೈಟ್ ಪೆನ್ನು ಈಗಲೂ ಸಿಗುತ್ತದೆ. ಚೆನ್ನಾಗಿ ಹೊಂದಿಸಿದ ನಿಬ್ಬಿದ್ದರೆ ಒತ್ತಕ್ಷರವನ್ನು ಅದು ಮರ್ಯಾದೆಯಿಂದ ಬರೆಯುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಮಸಿಯಲ್ಲಿ ಅದ್ದಿ ಕೊಟ್ಟ ನಿಬ್ಬು ಯಾವ ರೋಗವನ್ನೂ ತೋರಿಸುವುದಿಲ್ಲ, ಅಂಟಿಕೊಂಡ ಹೆಚ್ಚುವರಿ ಮಸಿ ಎಲ್ಲವನ್ನೂ ಮರೆಸುತ್ತದೆ. ಕೆಲವು ಸಾಲು ಬರೆದು ಆ ಮಸಿ ಇಳಿಯಲಿ. ಆಮೇಲೆ ಒತ್ತಡವೇ ಇಲ್ಲದ ಕೈಯಲ್ಲಿ, ನೀವು ದಿನವೂ ಬಳಸುವ ಕಾಗದದ ಮೇಲೆ, ಒತ್ತಕ್ಷರ ತುಂಬಿದ ಪದಗಳನ್ನು ಬರೆಯಿರಿ. ತಲೆಕಟ್ಟು ಒಂದಾದರೂ ತಪ್ಪಿದರೆ ಇನ್ನೊಂದು ನಿಬ್ಬು ತೋರಿಸಲು ಕೇಳಿ. ಈಗಾಗಲೇ ಕೊಂಡಾಗಿದ್ದರೆ ವಾರಂಟಿ ಇರುವಾಗಲೇ ಹಿಂದಿರುಗಿಸಿ, ಮನೆಯಲ್ಲಿ ಉಜ್ಜಿದ ನಿಬ್ಬನ್ನು ಆಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ. ವಾರಂಟಿ ದಾಟಿದ್ದರೆ ಕಸುಬು ಬಲ್ಲ ನಿಬ್‌ಮೈಸ್ಟರ್ ಕೈಗೆ ಕೊಡಿ, ಅವರು ತುದಿಯನ್ನು ಒಂದಿಷ್ಟೇ ಚಪ್ಪಟೆ ಮಾಡಿ ಸೀಳಿನ ಅಂಚನ್ನು ಮತ್ತೆ ಕಾಗದಕ್ಕೆ ತಾಗಿಸುತ್ತಾರೆ. ಪೆಲಿಕಾನ್ ಎಂ800 ಇರುವವರಿಗೆ ಇನ್ನೂ ಸುಲಭ. ಅದರ ನಿಬ್ಬು ನಾಲಗೆಯ ಸಮೇತ ತಿರುಗಿಸಿದರೆ ಕೈಗೇ ಬರುತ್ತದೆ. ಎಕ್ಸ್‌ಟ್ರಾ ಫೈನ್ ನಿಬ್ಬೊಂದನ್ನು ಬೇರೆಯಾಗಿ ಕೊಂಡು ಕನ್ನಡಕ್ಕೆ ಅದನ್ನು ಹಾಕಿಕೊಳ್ಳಿ, ಪೆನ್ನಿನ ಜೊತೆ ಬಂದದ್ದು ಸಹಿಗೆ ಇರಲಿ.