ಗೆರೆ ನೇರವಿದ್ದರೆ ಸಾಲದು

ಫೋಟೋಮೀಟರಿನಲ್ಲಿ ಕಂಪನಿಯವರು ತುಂಬಿಕೊಟ್ಟ ವಿಧಾನಗಳ ಜೊತೆಗೆ ನಮ್ಮದೇ ವಿಧಾನ ಸೇರಿಸಲೂ ಜಾಗವಿರುತ್ತದೆ. ತರಂಗಾಂತರ ಆರಿಸಿ, ಸಾಂದ್ರತೆ ಗೊತ್ತಿರುವ ಐದಾರು ಸ್ಟ್ಯಾಂಡರ್ಡ್ ದ್ರಾವಣಗಳನ್ನು ಓದಿಸಿದರೆ ಉಪಕರಣವೇ ಗೆರೆ ಎಳೆದು, ಆರ್-ಸ್ಕ್ವೇರ್ ಅಂಕಿಯನ್ನೂ ತೋರಿಸುತ್ತದೆ. ಅದು 0.99 ದಾಟಿದೊಡನೆ ಕ್ಯಾಲಿಬ್ರೇಶನ್ ಮುಗಿಯಿತೆನ್ನುವ ರೂಢಿ ಬಹಳ ಕಡೆ ಇದೆ. ಗೆರೆ ಒಟ್ಟಾರೆ ಎಷ್ಟು ಚೆನ್ನಾಗಿ ಕೂತಿದೆ ಎಂಬುದಕ್ಕಿಂತ, ತೀರ್ಪು ಕೊಡಬೇಕಾದ ಜಾಗದಲ್ಲಿ ಅದು ಎಷ್ಟು ತಪ್ಪುತ್ತದೆ ಎಂಬುದೇ ಮುಖ್ಯ ಎನ್ನುವುದು ನನ್ನ ವಾದ.

ಪಾವಗಡ, ಮುಂಡರಗಿ ಕಡೆಯ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡನ್ನೇ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1.0 ಮಿ.ಗ್ರಾಂ ಒಪ್ಪಬಹುದಾದ ಮಿತಿ. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ವಿನಾಯಿತಿ. ಇದನ್ನು ಅಳೆಯುವ ಸ್ಪಾಡ್ನ್ಸ್ ವಿಧಾನದಲ್ಲಿ ಬಣ್ಣದೊಂದಿಗೆ ಬೆಸೆದಿರುವ ಜಿರ್ಕೋನಿಯಂ ಅನ್ನು ಫ್ಲೋರೈಡ್ ಕಿತ್ತುಕೊಳ್ಳುತ್ತದೆ. ಕೆಂಪು ತಿಳಿಯಾಗುತ್ತದೆ, 570 ನ್ಯಾನೋಮೀಟರಿನ ಬಳಿ ಅಬ್ಸಾರ್ಬೆನ್ಸ್ ಇಳಿಯುತ್ತದೆ. ಈ ಇಳಿತ ನೇರವಾಗಿರುವುದು ಸುಮಾರು 1.4ರವರೆಗೆ ಮಾತ್ರ. ಅಂದರೆ 1.5ರ ಮಿತಿ ಬೀಳುವುದು ಸರಿಯಾಗಿ ಗೆರೆ ಬಾಗತೊಡಗುವ ಕಡೆ. ಉದಾಹರಣೆಗೆ 0, 0.5, 1.0, 1.5, 2.0ರ ಸ್ಟ್ಯಾಂಡರ್ಡ್‌ಗಳಿಗೆ ಇಳಿತ ಕ್ರಮವಾಗಿ 0, 0.100, 0.200, 0.290, 0.365 ಬಂತೆನ್ನಿ. ಇವಕ್ಕೆಲ್ಲ ಒಂದೇ ನೇರ ಗೆರೆ ಎಳೆದರೆ ಆರ್-ಸ್ಕ್ವೇರ್ 0.997ರ ಹತ್ತಿರ ಬರುತ್ತದೆ. ಆದರೆ ಅದೇ ಗೆರೆಯಲ್ಲಿ 1.0ರ ದ್ರಾವಣ 1.05 ಎಂದೂ, 1.5ರದ್ದು 1.54 ಎಂದೂ ಓದುತ್ತದೆ. ಮಿತಿಯಲ್ಲೇ ಇರುವ ನೀರು ಮಿತಿ ಮೀರಿದಂತೆ ಕಾಣುತ್ತದೆ. ಸ್ಟ್ಯಾಂಡರ್ಡ್‌ಗಳನ್ನು 0.8ರಿಂದ 1.4ರ ನಡುವೆ ಒತ್ತಾಗಿ ಇಟ್ಟು, ಅದಕ್ಕಿಂತ ಹೆಚ್ಚಿನ ನೀರನ್ನು ಅರ್ಧಕ್ಕರ್ಧ ತೆಳುಮಾಡಿ ಓದುವುದೇ ಮೇಲು. ಪಿಪೆಟ್ ಹಿಡಿದ ಕೈಯೂ ಬಿಗಿಯಾಗಿರಬೇಕು: ಇಲ್ಲಿ ರೀಏಜೆಂಟಿಗೇ ಬಣ್ಣವಿರುವುದರಿಂದ 2 ಮಿ.ಲೀ. ಬದಲು 2.1 ಮಿ.ಲೀ. ಬಿದ್ದರೆ ಬಣ್ಣ ಗಾಢವಾಗಿ ಫ್ಲೋರೈಡ್ ಕಡಿಮೆ ಕಾಣುತ್ತದೆ.

ಕಂಪನಿಯ ತಜ್ಞರು ಮಾಡಿಟ್ಟ ಗೆರೆ ಇರುವಾಗ ಇಷ್ಟು ಶ್ರಮ ಏಕೆ ಎಂದು ಕೇಳಬಹುದು. ಆ ಗೆರೆ ಅವರ ರೀಏಜೆಂಟಿಗೆ, ಶುದ್ಧ ನೀರಿನಲ್ಲಿ ಮಾಡಿದ ಸ್ಟ್ಯಾಂಡರ್ಡಿಗೆ ಖಂಡಿತ ಸರಿ. ರೀಏಜೆಂಟಿನ ಬಾಟಲಿ ಬದಲಾದಾಗ ಅದು ನಿಂತಿದೆಯೋ ಇಲ್ಲವೋ ಎಂದು ತಿಳಿಯಲು 1.0ರ ಒಂದು ಸ್ಟ್ಯಾಂಡರ್ಡ್ ಓದಿಸಿದರೆ ಸಾಕು, ಅದಕ್ಕೆ ಕೆಲವೇ ನಿಮಿಷ. ನಮ್ಮ ನೀರಿನ ಗುಣವನ್ನು ಮಾತ್ರ ಸ್ಟ್ಯಾಂಡರ್ಡ್ ಹೇಳಲಾರದು. ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದಲ್ಲಿ ನೀರಿಗೆ ಪಟಿಕ ಹಾಕುತ್ತಾರೆ. ಆ ಪಟಿಕದಿಂದ ನೀರಿನಲ್ಲಿ ಉಳಿದ ಅಲ್ಯೂಮಿನಿಯಂ ಲೀಟರಿಗೆ 0.1 ಮಿ.ಗ್ರಾಂ ಇದ್ದರೂ ತಕ್ಷಣದ ಓದು ಸುಮಾರು 0.1ರಷ್ಟು ಕೆಳಗಿಳಿಯುತ್ತದೆ, ಶುದ್ಧೀಕರಣ ಫಲಿಸಿತೇ ಎಂದು ನೋಡಹೊರಟಾಗಲೇ ಉತ್ತರ ಸುಳ್ಳಾಗುತ್ತದೆ. ಇದಕ್ಕೆ ಉಪಾಯ ವಿಧಾನದಲ್ಲೇ ಇದೆ. ಓದು ಹದಿನೈದು ನಿಮಿಷದಲ್ಲಿ ಮೇಲೇರುತ್ತಿದ್ದರೆ ಅಲ್ಯೂಮಿನಿಯಂ ಇದೆಯೆಂದು ಲೆಕ್ಕ; ಅಂಥ ಮಾದರಿಯನ್ನು ಎರಡು ಗಂಟೆ ಬಿಟ್ಟು ಓದಬೇಕು, ಆಗ 3 ಮಿ.ಗ್ರಾಂವರೆಗಿನ ಅಲ್ಯೂಮಿನಿಯಂ ಇದ್ದರೂ ನಡೆಯುತ್ತದೆ. ಆ ಎರಡು ಗಂಟೆಯನ್ನು ವಿಧಾನದ ಟೈಮರಿನಲ್ಲೇ ಸೇರಿಸಿಡಿ.